ಎತೆರಿಯ ಬಲಗೈ

ಕುಟೈಸಿಯ ಬಜಾರಿನ ಹಿಂದೆ,
ಚೀಸಿನ ಉಪ್ಪುನೀರು ಹರಿಯುವ ಓಣಿಯಲ್ಲಿ
ಲಮ್ಜೀರಾಳ ಗಡಿಯಾರದ ಗೂಡಂಗಡಿ.
ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು.

ಇವತ್ತು ನಿಂತವಳು ಎತೆರಿ,
ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಟೈಪು ಮಾಡುವವಳು.
ಹತ್ತೊಂಬತ್ತು ವರ್ಷ
ಕಂಡವರ ಸುಳ್ಳನ್ನೂ ನಿಜವನ್ನೂ ಒಂದೇ ವೇಗದಲ್ಲಿ ಕುಟ್ಟಿ
ಮಣಿಕಟ್ಟು ಹೋಗಿದೆ.
ಅದಕ್ಕೇ ಚಳಿಗಾಲವಿಡೀ ಕೂತು, ತಾನೇ ಬೆಸುಗೆ ಹಾಕಿ
ಎರಡು ಹೋಳಿನ ಕೀಬೋರ್ಡು ಕಟ್ಟಿಕೊಂಡಿದ್ದಾಳೆ,
ಎಡಗೈಗೊಂದು, ಬಲಗೈಗೊಂದು.

ಎಡದ್ದು ನಿನ್ನೆ ರಾತ್ರಿ ಮನೆಯಲ್ಲೇ ಮಾತಾಡಿತು.
ಮೊದಲು ತನ್ನ ಹೆಸರನ್ನೇ ಒತ್ತಿದಳು:
ಎತೆರ್.
ಅಷ್ಟೇ.
ಅವರ ಲಿಪಿಯಲ್ಲಿ ಕೊನೆಯ ಇ ಒಂದು ಇಡೀ ಅಕ್ಷರ,
ಅದು ಕೂತಿರುವುದು ಬಲಗೈ ಕಡೆ.
ನಮ್ಮಲ್ಲಾದರೆ ಗುಡಿಸು ಹಾರಿಹೋಗಿ
ರಕಾರ ಬಯಲಲ್ಲಿ ನೆನೆಯುತ್ತಿತ್ತು.

ಬಲ ಹೋಳನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು.
ಬೆರಳುಗುರಿನಷ್ಟು ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು.
ಪಟ್ಟಿಯಲ್ಲಿ ಹೆಸರಿಲ್ಲ.
ತೆಗೆದರು, ಚುಚ್ಚಿದರು, ಬೇರೆ ತೂತಿಗೆ ಚುಚ್ಚಿದರು.
ಇಲ್ಲ.
'ದೀಪ ಉರಿಯುತ್ತಿದೆ. ಜೀವ ಇದೆ' ಎಂದಳು ಲಮ್ಜೀರಾ.
'ಕಟಕಟೆಯಲ್ಲೂ ಹಾಗೇ ನಿಂತಿರುತ್ತಾರೆ,' ಎತೆರಿ ಅಂದಳು,
'ಉಸಿರಾಡುತ್ತಾ, ಮೂರು ಸಲ ಕೂಗಿದರೂ ಓ ಅನ್ನದೆ.'

ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು
ಲಮ್ಜೀರಾ ಇಪ್ಪತ್ತನಾಲ್ಕು ಕಾಲುಗಳನ್ನೂ ಎಣಿಸಿದಳು.
ಏಳಕ್ಕೂ ಎಂಟಕ್ಕೂ ನಡುವೆ ತವರದ ಒಂದು ಹನಿ,
ಎರಡು ಮನೆಯ ಗೋಡೆ ಹಾರುವ ಬೆಕ್ಕಿನಂತೆ.
ತಾಮ್ರದ ಜಾಲರಿಯಿಟ್ಟು ಹೀರಿದಳು.
ರಾಳದ ಹೊಗೆ ಎದ್ದು ಗಡಿಯಾರಗಳ ಮುಖ ಮಸುಕಾಯಿತು.
ಮತ್ತೆ ಚುಚ್ಚಿದರು.
ಮತ್ತೆ ದೀಪ. ಮತ್ತೆ ಮೌನ.

ಗೋಡೆ ಗಡಿಯಾರ ಕಂಕುಳಲ್ಲಿಟ್ಟು ಬಂದ ಬದ್ರಿ
ಬಾಗಿಲಲ್ಲೇ ನಿಂತು, 'ಊದಿ ನೋಡಿ' ಅಂದ.

ಚಿಮುಟದ ತುದಿಯಿಂದ ಎರಡು ಕಾಲು ಕೂಡಿಸಬೇಕು,
ಟಕ್ ಟಕ್, ಎರಡು ಸಲ, ಬೇಗ.
ಆಮೇಲೆ ಎಂಟು ಸೆಕೆಂಡು ಬೋರ್ಡು ಬಾಯಿ ತೆರೆದಿರುತ್ತದೆ,
ಅಷ್ಟರಲ್ಲಿ ಹೇಳಬೇಕಾದ್ದು ಹೇಳಿಬಿಡಬೇಕು.
'ಎಂಟು ಅಂದರೆ ಯಾವುದರ ಎಂಟು?'
ಗೋಡೆಯ ಮೇಲೆ ಅರವತ್ತು ಗಡಿಯಾರ,
ಒಂದಕ್ಕೊಂದು ಒಪ್ಪುವುದಿಲ್ಲ.
ಟಕ್ ಟಕ್.
ಎಲ್ಲ ಗಡಿಯಾರದ ಎಂಟೂ ಮುಗಿದವು.

'ನಾನೇ ಸುಟ್ಟಿದ್ದು,' ಶುರುಮಾಡಿದಳು ಎತೆರಿ,
'ಆ ಗುರುವಾರ ಫೋನು ಬಂತು, ಕಾದ ಕಡ್ಡಿ
ಅಲ್ಲೇ ಊರಿಕೊಂಡು ಮಾತಾಡಿದೆ, ಎಷ್ಟು ಹೊತ್ತೋ,
ಅಕ್ಕನ ಜೊತೆ ಜಗಳ...'
ಇಷ್ಟು ವರ್ಷ ಬರೆದುಕೊಂಡವಳು
ಈಗ ತಾನೇ ತಪ್ಪೊಪ್ಪಿಕೊಳ್ಳುತ್ತಿದ್ದಳು.
ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಲಮ್ಜೀರಾ ಕೇಳುತ್ತಿರಲಿಲ್ಲ.
ಹೆಬ್ಬೆರಳು ತೋರುಬೆರಳ ನಡುವೆ ಕೇಬಲ್ಲು ಹೊಸೆಯುತ್ತಿದ್ದಳು,
ಮಾರಾಟದ ದಾರ ಗಟ್ಟಿಯೋ ನೋಡುವ ಹಾಗೆ.
'ಇದು ಎಲ್ಲಿಯದು?'
'ಸೈಕಲ್ ದೀಪದ ಜೊತೆ ಬಂದಿದ್ದು.'
ಕೇಳದೆಯೇ ಇಕ್ಕಳ ಹಾಕಿ ಕತ್ತರಿಸಿದಳು.

ಒಳಗೆ ಕೆಂಪು. ಕಪ್ಪು.
ಹಸಿರು ಬಿಳಿ ಇರಬೇಕಾದಲ್ಲಿ
ಹತ್ತಿಯ ಎರಡು ಎಳೆ.
'ಉಣ್ಣಿಸುತ್ತದೆ, ಮಾತಾಡಿಸುವುದಿಲ್ಲ.
ನನ್ನ ಮೊದಲ ಗಂಡನ ಹಾಗೆ.'

ಪಕ್ಕದ ಅಂಗಡಿಯ ನಾಜಿಬ್ರೋಲಾ
ತನ್ನ ಫೋನಿನ ಕೇಬಲ್ಲು ಕೊಟ್ಟಳು,
ದ್ರಾಕ್ಷಿ ಪಾಕ ಮೆತ್ತಿಕೊಂಡದ್ದು.
ಚುಚ್ಚಿ, ಚಿಮುಟ ಹಿಡಿದು, ಟಕ್ ಟಕ್.
ಪಟ್ಟಿ ಒಮ್ಮೆ ನಡುಗಿತು.
ಕೆಳಗೆ ಒಂದು ಹೊಸ ಸಾಲು.
'ಈಗ, ಈಗ, ಹಾಕು' ಎಂದು ಬದ್ರಿಯೂ ಕೂಗಿದ,
ಏನು ಹಾಕುವುದೆಂದು ತಿಳಿಯದೆ.

ಖಾಲಿ ಹಾಳೆಯ ಮೇಲೆ
ಎತೆರಿ ಬಲಗೈಯ ಒಂದು ಬೆರಳು ಊರಿದಳು.
ಇ.
ಇನ್ನೊಮ್ಮೆ. ಇ.
ಮತ್ತೆ ಒಂದಿಡೀ ಸಾಲು, ಇ ಇ ಇ ಇ,
ಕಂದಮ್ಮಗಳು ಕಿರುಚುವ ಹಾಗೆ.

'ಊದಿದ್ದಿದ್ದರೆ ಬೇಗ ಆಗುತ್ತಿತ್ತು' ಅಂದ ಬದ್ರಿ.

ಕತ್ತಲಾದ ಮೇಲೆ ಬಿಳಿ ಸೇತುವೆಯ ಮೇಲೆ
ಸೈಕಲ್ಲು ತಳ್ಳಿಕೊಂಡು ಹೋದಳು,
ದೀಪದಲ್ಲಿ ಚಾರ್ಜಿಲ್ಲ, ಇನ್ನು ಅದಕ್ಕೆ ಕೇಬಲ್ಲೂ ಇಲ್ಲ.
ಕೆಳಗೆ ರಿಯೋನಿ, ಹಿಮ ಕರಗಿದ ನೀರು,
ಕಲ್ಲುಗಳ ಮೇಲೆ ತನ್ನ ಪಾಡಿಗೆ ಗೊಣಗುತ್ತಿತ್ತು.
ಹ್ಯಾಂಡಲ್ಲಿನ ಎರಡು ಕಡೆ ಎರಡು ಚೀಲ
ಆಗಾಗ ಕಟಕಟ ಅನ್ನುತ್ತಿದ್ದವು.